ಬಲಗಾಲಿನ ಸಾಣೆ

ಚೈತನ್ಯಾಳ ಐಸ್-ಹಾಕಿ ಆಟದ ಶೂಗಳು ನಾರುತ್ತಿದ್ದವು. ಎಲ್ಲ ಶುರುವಾದದ್ದು ಅಲ್ಲಿಂದ.

ಅಡಿಗೆ ಉದ್ದದ ಕಬ್ಬಿಣದ ಅಲಗಿದ್ದ, ಎರಡು ಚಳಿಗಾಲ ಲಡಾಖಿನಲ್ಲಿ ಸಂಬಳಕ್ಕೆ ಆಡಿ ಬಂದ ಶೂಗಳವು. ಮೂರು ದಿನ ಮರೆತ ದೋಸೆಹಿಟ್ಟೂ ಅವುಗಳ ಮುಂದೆ ಮಲ್ಲಿಗೆ. ಬಿಸಿಲು ಕಾಣಲೆಂದು ಅಮ್ಮ ಭವಾನಿ ಬೆಳಿಗ್ಗೆಯೇ ಅವನ್ನು ಕೋಟೆ ಬೀದಿಯ ಮನೆಯ ಜಗಲಿಯ ಮೇಲಿಟ್ಟಿದ್ದಳು. ಸಂಜೆಗೆ ರೈಲು. ಮರುದಿನ ಬೆಂಗಳೂರಿನ ಐಸ್ ರಿಂಕಿನಲ್ಲಿ ಹೊರದೇಶದ ಕ್ಲಬ್ಬಿನ ಕೋಚ್ ಒಂದೇ ಒಂದು ಗಂಟೆ ಅವಳ ಆಟ ನೋಡುವವರಿದ್ದರು. ಮೆಚ್ಚಿದರೆ ವರ್ಷದ ಒಪ್ಪಂದ, ಇಲ್ಲದಿದ್ದರೆ ವಾಪಸು ಮನೆ.

ಹತ್ತು ಗಂಟೆಗೆ ಪಕ್ಕದ ಮನೆಯ ಪುಟ್ಟಲಕ್ಷ್ಮಿ ಬಲಗಾಲಿನ ಶೂ ಹಿಡಿದು, ಪ್ರಸಾದ ತಂದವಳಂತೆ ಒಳಬಂದಳು.

"ನೋಡೇ ಮಾರಾಯ್ತಿ, ಅಡಿಯ ಕಬ್ಬಿಣ ಸವೆದು ನಡುವೆ ಗುಳಿ ಬಿದ್ದಿತ್ತು. ಸಾಣೆಯವನು ಬೀದೀಲಿ ಬಂದಿದ್ದ. ಅಡಿಕೆ ಸುಲಿಯೋ ಕತ್ತಿ ಥರ ಮಾಡಿಕೊಟ್ಟಿದಾನೆ! ಇನ್ನೊಂದು ಕೊಡೋಷ್ಟರಲ್ಲಿ ಅವನ ಚಕ್ರದ ಬೆಲ್ಟ್ ಕಿತ್ಕೊಳ್ತು."

ಚೈತನ್ಯಾ ಶೂ ಕಸಿದುಕೊಂಡು ಅಡಿ ನೋಡಿದಳು. "ಅತ್ತೆ, ಆ ಗುಳಿ ಬೇಕು! ಅದಿದ್ರೇನೇ ಎರಡು ಕಡೆ ಎರಡು ಅಂಚು, ಆ ಅಂಚೇ ಐಸ್ ಹಿಡಿಯೋದು. ಇದನ್ನ ಹಾಕ್ಕೊಂಡ್ರೆ ನಾನು ಸೀದಾ ಕೋಚ್ ಕಾಲಿಗೇ ಬೀಳ್ತೀನಿ."

"ದೊಡ್ಡೋರ ಕಾಲಿಗೆ ತಾನೇ" ಎನ್ನಹೋದ ಪುಟ್ಟಲಕ್ಷ್ಮಿ ಅವಳ ಮುಖ ನೋಡಿ ಅಳತೊಡಗಿದಳು.

ಬೈಯಲು ಚೈತನ್ಯಾಳಿಗೆ ಬಾಯಿ ಬರಲಿಲ್ಲ. ಐದನೇ ಕ್ಲಾಸಿನಲ್ಲಿ ಚಕ್ರದ ಶೂ ಕಟ್ಟಿಕೊಂಡು ಓಡಲು ತಾರಸಿ ಬಿಟ್ಟುಕೊಟ್ಟವಳು ಇವಳೇ. ಆ ಬೇಸಗೆಯೆಲ್ಲ ಇವಳ ಹಪ್ಪಳಗಳು ಬಿಸಿಲಿಲ್ಲದೆ ಒಳಗಿನ ಮಂಚದ ಮೇಲೆ ಒಣಗಿದ್ದವು.

"ಭದ್ರಾವತಿಗೆ ಓಡು. ಕರಿಯಪ್ಪನವರು ಇದಾರಲ್ಲ" ಎಂದಳು ಭವಾನಿ. ಅಲ್ಲಿನ ಕಾರ್ಖಾನೆಯಲ್ಲಿ ಕಬ್ಬಿಣ ಕಡೆಯುವ ಟರ್ನರ್ ಆಗಿದ್ದು ನಿವೃತ್ತರಾದ ಕರಿಯಪ್ಪ ಆ ಮೊದಲ ಶೂಗೆ ಚಕ್ರ ಕಡೆದುಕೊಟ್ಟವರು.

ಬಲಗಾಲಿನ ಶೂ ಒಂದನ್ನೇ ಹಿಡಿದು ಬಸ್ಸು ಹತ್ತಿದ ಚೈತನ್ಯಾಳ ಮಗ್ಗುಲ ಸೀಟು ತಾನೇ ಖಾಲಿಯಾಯಿತು. ಕಂಡಕ್ಟರು ಮೂಗು ಮುಚ್ಚಿಕೊಂಡೇ ಕೇಳಿದ: "ಈ ಕತ್ತಿ ಶೂ ಎಲ್ಲಿಗಮ್ಮಾ?"

"ರಿಪೇರಿಗೆ" ಎಂದಳು.

ಕರಿಯಪ್ಪ ಕನ್ನಡಕ ಏರಿಸಿ ಶೂ ತಿರುಗಿಸಿ ನೋಡಿದರು. "ಯಾವನವ್ವ ಈ ಕೊಲೆ ಮಾಡಿದ್ದು?" ಮಗುವಿಗೆ ಎಣ್ಣೆ ಹಚ್ಚುವಂತೆ ಎರಡು ಗಂಟೆ ಉಜ್ಜಿ, ಕೂದಲೆಳೆ ಲೆಕ್ಕದಲ್ಲಿ ಗುಳಿ ತೆಗೆದರು. ಪರೀಕ್ಷಿಸಲು ಭದ್ರಾವತಿಯಲ್ಲಿ ಐಸ್ ಎಲ್ಲಿ? ಎದುರಿನ ಕಬ್ಬಿನಹಾಲಿನ ಅಂಗಡಿಯ ಮಲ್ಲಿಕ್ ತನ್ನ ಮಂಜುಗಡ್ಡೆಯನ್ನೇ ಎತ್ತಿ ತಂದ. ಅದರ ಮೇಲೆ ಶೂ ಎಳೆದಾಗ ಎರಡು ಸಣ್ಣ ಗೆರೆಗಳು, ರೈಲುಕಂಬಿಯಂತೆ. ಬೀದಿಯವರು ಚಪ್ಪಾಳೆ ತಟ್ಟಿದರು.

ಚೈತನ್ಯಾ ಕೈಮುಗಿದಳು. "ನಾನೇ ಕೈ ಮುಗೀಬೇಕು ಕಣವ್ವ" ಎಂದರು ಕರಿಯಪ್ಪ. "ರಿಟೈರ್ ಆದ್ಮೇಲೆ ಕೆಲಸ ಅನ್ನೋ ಕೆಲಸ ಇವತ್ತೇ ಸಿಕ್ಕಿದ್ದು."

ಆ ಖುಷಿಯಲ್ಲೇ ಪುಟ್ಟಲಕ್ಷ್ಮಿಗೆ ಫೋನ್ ಮಾಡಿದಳು. ಅತ್ತಲಿಂದ ಬಿಕ್ಕುವ ಸದ್ದು ಬಿಟ್ಟು ಬೇರೇನೂ ಕೇಳಿಸಲಿಲ್ಲ. ಕರುಳು ಕರಗಿತು. "ಅಳಬೇಡಿ ಅತ್ತೆ. ನಿಮ್ಮ ಸಾಣೆಯವನು ಮಾಡಿದ್ದೇ ಸರಿಯಂತೆ, ಕರಿಯಪ್ಪನವರೇ ಹೇಳಿದ್ರು. ಮೊದಲಿಗಿಂತ ಚೆನ್ನಾಗಿದೆ."

ಮೂರೂವರೆಗೆ ಮನೆ ತಲುಪಿದಾಗ ಪುಟ್ಟಲಕ್ಷ್ಮಿ ಬಾಗಿಲಲ್ಲೇ ನಿಂತಿದ್ದಳು. ಕಾಲೆಲ್ಲ ಧೂಳು, ಮುಖವೆಲ್ಲ ಬೆವರು, ಕೈಯಲ್ಲಿ ಎಡಗಾಲಿನ ಶೂ.

"ಗಾಂಧಿ ಬಜಾರೆಲ್ಲ ಮೂರು ಸುತ್ತು ಹಾಕಿ ಸಾಣೆಯವನನ್ನ ಹಿಡಿದೆ ಕಣೇ, ಹೊಸ ಬೆಲ್ಟ್ ಹಾಕ್ಸಿದ್ದ! ಒಂದು ಕಾಲಿಗೆ ಒಂದು ಥರ ಯಾಕೆ? ನೋಡು, ಇದ್ರಲ್ಲೂ ಒಂಚೂರು ಗುಳಿ ಇಲ್ಲ!"

ಒಳಗೆ ಭವಾನಿ ತಲೆಯ ಮೇಲೆ ಕೈಹೊತ್ತು ಕೂತಿದ್ದಳು. ಚೈತನ್ಯಾ ಆ ಧೂಳುಗಾಲುಗಳನ್ನು ನೋಡಿದಳು. ಬಗ್ಗಿ ನಮಸ್ಕಾರ ಮಾಡಿದಳು.

"ತುಂಬಾ ಉಪಕಾರ ಆಯ್ತು ಅತ್ತೆ. ಹೊರಡ್ತೀನಿ."

"ಈಗ್ಲೇನಾ? ರೈಲು ಸಂಜೆಗಲ್ವಾ?"

"ಭದ್ರಾವತೀಲೂ ನಿಲ್ಲುತ್ತೆ. ಅಲ್ಲೇ ಹತ್ಕೊಳ್ತೀನಿ."

ಚೀಲ ಹೊತ್ತು ಬಸ್ ಹತ್ತಿದರೆ, ಅದೇ ಕಂಡಕ್ಟರು. ಶೂ ನೋಡಿ ಮೂಗು ಮುಚ್ಚಿಕೊಂಡ. "ಏನಮ್ಮಾ, ಇನ್ನೂ ರಿಪೇರಿ ಆಗ್ಲಿಲ್ವಾ?"

"ಅದು ಬಲಗಾಲು ಅಣ್ಣ" ಎಂದಳು ಚೈತನ್ಯಾ. "ಇದು ಎಡಗಾಲು."