ಮೂರು ಕೀಲಿಯ ಮನೆಯ ರಕ್ಷಣಾ ಸಚಿವರು

ಕಳೆದ ನವೆಂಬರಿನ ಎರಡನೇ ಶುಕ್ರವಾರ, ಕುವೈತಿನ ಖೈತಾನ್‌ನ ಶಾಲೆಯೊಂದರ ಸಭಾಂಗಣದಲ್ಲಿ, ನಮ್ಮ ಭಾವ ಚರ್ಚಾಸ್ಪರ್ಧೆಯಲ್ಲಿ ಸೋತರು. ಸುದ್ದಿ ಇಷ್ಟೇ. ಉಳಿದದ್ದೆಲ್ಲ ಹಿನ್ನೆಲೆ.

ಭಾರತದ ಸೇನೆ ನಮ್ಮ ಭಾವನನ್ನು ಕೇಳಿ ನಡೆಯುವುದಿಲ್ಲ. ಈ ವಿಷಯವನ್ನು ಅವರಿಗೆ ಇನ್ನೂ ಯಾರೂ ತಿಳಿಸಿಲ್ಲ. ಗದಗಿನ ಕಡೆಯವರು, ಇಲ್ಲಿ ಎ.ಸಿ. ರಿಪೇರಿಯ ಕಂಪನಿಯೊಂದರಲ್ಲಿ ಟೆಕ್ನಿಷಿಯನ್. ಬಂದೂಕನ್ನು ಹತ್ತಿರದಿಂದ ನೋಡಿದ್ದು ಬ್ಯಾಂಕಿನ ಬಾಗಿಲಲ್ಲಿ ಮಾತ್ರ. ಆದರೂ "ಈ ಸಲ ನಾವು ಜಲಾಂತರ್ಗಾಮಿ ತಗೊಳ್ಳಾಕ ಹತ್ತೀವಿ" ಎಂದು ಅವರು ಹೇಳುವ ಧಾಟಿ ಕೇಳಿದರೆ, ಅದನ್ನು ನಿಲ್ಲಿಸಲು ಕಟ್ಟಡದ ಕೆಳಗೆ ಜಾಗ ಹುಡುಕುತ್ತಿದ್ದಾರೆ ಅನ್ನಿಸುತ್ತದೆ.

ಪ್ರತಿ ಫೆಬ್ರವರಿ ಒಂದರಂದು ಅವರಿಗೆ ಹೊಟ್ಟೆನೋವು. ಅಂದು ದೆಹಲಿಯಲ್ಲಿ ಬಜೆಟ್. ಫೋರ್‌ಮನ್‌ಗೆ ನರಳಿ ತೋರಿಸಿ ಬಂದು ಟಿ.ವಿ. ಮುಂದೆ ಕೂರುತ್ತಾರೆ. ರೈತ, ರಸ್ತೆ, ಆಸ್ಪತ್ರೆ ಬಂದಾಗ ಚಹಾ ಕುಡಿಯುತ್ತಾರೆ. ರಕ್ಷಣೆಯ ಮೊತ್ತ ಹೋದ ವರ್ಷಕ್ಕಿಂತ ಹೆಚ್ಚಿದೆ ಎಂದು ತಿಳಿದ ಕೂಡಲೇ ಹೊಟ್ಟೆನೋವು ವಾಸಿ. ಕಟ್ಟಡದ ಎಲ್ಲ ಮನೆಗೂ ಪೇಡೆ. ಮೊತ್ತ ವರ್ಷ ವರ್ಷ ಏರುವುದೇ ಸಾಧನೆಯಾದರೆ, ಟೊಮೆಟೊಗಿಂತ ದೊಡ್ಡ ದೇಶಭಕ್ತ ಯಾರಿದ್ದಾರೆ?

ಇದೇ ಕುವೈತಿನ ಶರ್ಕ್ ಬಡಾವಣೆಯ ಪತ್ರಿಕಾ ಕಚೇರಿಯೊಂದರಲ್ಲಿ ಕೂತು ಸುದ್ದಿ ತಿದ್ದುವುದು ನನ್ನ ಕೆಲಸ. ಸುಮ್ಮನಿರಲಾಗದೆ ಒಮ್ಮೆ ಭಾವನನ್ನೂ ತಿದ್ದಿದೆ. ರೂಪಾಯಿಯ ಲೆಕ್ಕದಲ್ಲಿ ಏರಿದರೂ, ದೇಶದ ಒಟ್ಟು ಉತ್ಪನ್ನದಲ್ಲಿ ಸೇನೆಯ ಪಾಲು ಎಂಬತ್ತರ ದಶಕಕ್ಕಿಂತ ಈಗ ಕಡಿಮೆ. ಅದರಲ್ಲೂ ದೊಡ್ಡ ಭಾಗ ಸಂಬಳಕ್ಕೂ ಪಿಂಚಣಿಗೂ ಹೋಗುತ್ತದೆ ಎಂದೆ. ಭಾವ ನನ್ನನ್ನು ಮರುಕದಿಂದ ನೋಡಿದರು.

"ನೀ ಪೇಪರಿನವ. ನಿನಗ ಒಳ್ಳೆ ಸುದ್ದಿ ಪಚನ ಆಗೂದಿಲ್ಲ."

ಪೇಡೆ ಮಾತ್ರ ವಾಪಸು ತೆಗೆದುಕೊಂಡರು.

ದೇಶದ ನೀತಿ ಮನೆಗೂ ಅನ್ವಯ. ಮೂರನೇ ಮಹಡಿಯ ಅವರ ಫ್ಲ್ಯಾಟಿನ ಬಾಗಿಲಿಗೆ ಮೊದಲು ಒಂದೇ ಬೀಗ, ಭಾವನ ಮಾತಿನಲ್ಲಿ ಕೀಲಿ, ಇತ್ತು. ಪಕ್ಕದ ಮನೆಯವರು ಎರಡನೆಯದು ಹಾಕಿಸಿದರು. ಭಾವ ಮೂರಕ್ಕೆ ಏರಿದರು. ಪಕ್ಕದವರು ಮಲಯಾಳಿ ನರ್ಸ್ ದಂಪತಿ; ಯುದ್ಧ ಶುರುವಾದದ್ದು ಅವರಿಗೆ ಗೊತ್ತೇ ಇಲ್ಲ! ಕಟ್ಟಡ ಕಾಯುವ ಹಾರಿಸ್ ಒಮ್ಮೆ, "ಭಾಯಿ, ಅಂದರ್ ಕ್ಯಾ ಹೈ?" ಎಂದು ಕೇಳಿದ. ಭಾವ ಮೂರೂ ಕೀಲಿ ಇನ್ನೊಮ್ಮೆ ಜಗ್ಗಿ ನೋಡಿದರು. ರಾಷ್ಟ್ರೀಯ ಭದ್ರತೆಯ ವಿಷಯ.

ಒಳಗೆ ಇದ್ದದ್ದು ಒಂದು ಕೆಟ್ಟ ವಾಷಿಂಗ್ ಮಶೀನ್. ಬೇಸಿಗೆಯಲ್ಲೇ ಅದರ ಬೋರ್ಡು ಸುಟ್ಟುಹೋಗಿತ್ತು. ಅಕ್ಕ ಕೇಳಿದಾಗಲೆಲ್ಲ ಒಂದೇ ಉತ್ತರ: ಈ ವರ್ಷ ಆಗುವುದಿಲ್ಲ, ಬಾಗಿಲಿಗೆ ಕ್ಯಾಮೆರಾ ಬರುವುದಿದೆ. ಅಕ್ಕ ಬಚ್ಚಲಲ್ಲಿ ಕೂತು ಕೈಯಿಂದ ಒಗೆಯುತ್ತಿದ್ದಳು. ಕ್ಯಾಮೆರಾ ಬಂತು. ಈವರೆಗೆ ಅದರಲ್ಲಿ ಸೆರೆಯಾದವರು ಹಾಲಿನವನು ಮತ್ತು ನಾನು.

ಇಷ್ಟು ಭದ್ರವಾದ ಮನೆಯೊಳಗೂ ಭಾವನಿಗೆ ಒಂದು ಸೋಲಿತ್ತು. ಒಂಬತ್ತನೇ ತರಗತಿಯ ಮಗಳು ಅವರೊಂದಿಗೆ ಕನ್ನಡ ಮಾತಾಡುತ್ತಿರಲಿಲ್ಲ. "ಊಟ ಆತೇನವಾ?" ಎಂದರೆ "ಡನ್, ಅಪ್ಪಾ." "ಸಾಲಿ ಹೆಂಗಿತ್ತು?" ಎಂದರೆ "ಫೈನ್." ಸಿಟ್ಟು ಮಾಡಿದರು, ಚಾಕಲೇಟು ಕೊಟ್ಟರು, ರಜೆಯಲ್ಲಿ ಊರಿಗೆ ಕಳಿಸಿದರು. ಹುಡುಗಿ ಎಲ್ಲ ಅರ್ಥ ಮಾಡಿಕೊಂಡು ಎಲ್ಲದಕ್ಕೂ ಇಂಗ್ಲಿಷಿನಲ್ಲೇ ಉತ್ತರಿಸಿದಳು. ಒಮ್ಮೆ ಕಾರಿನಲ್ಲಿ, ಸಿಗ್ನಲ್ ನೋಡುತ್ತ, ಭಾವ ಹೇಳಿದ್ದರು: "ನನ್ನ ಮಗಳು ನನ್ನ ಜೋಡಿ ಜಗಳಾನೂ ಇಂಗ್ಲಿಷಿನ್ಯಾಗ ಮಾಡತಾಳೋ. ಅರ್ಧ ಬೈಗುಳ ನನಗ ಮುಟ್ಟೂದೇ ಇಲ್ಲ." ಜಲಾಂತರ್ಗಾಮಿಯ ಮಾತಿಲ್ಲದೆ ಅವರು ಮುಗಿಸಿದ ಏಕೈಕ ಸಂಭಾಷಣೆ ಅದು.

ಇನ್ನು ಸ್ಪರ್ಧೆ. ಕನ್ನಡಿಗರ ಸಂಘದ ರಾಜ್ಯೋತ್ಸವಕ್ಕೆ ಚರ್ಚೆಯ ವಿಷಯ ಆರಿಸುವವರು ಭಾವ. ಹಾಗಾಗಿ ವಿಷಯ ಬದಲಾಗುವುದಿಲ್ಲ: ಬೆಳೆಯುತ್ತಿರುವ ದೇಶಕ್ಕೆ ಸೇನೆಯ ಖರ್ಚು ಹೆಚ್ಚಬೇಕೇ? ಪರವಾಗಿ ಭಾವ, ವಿರೋಧವಾಗಿ ಕೈಗೆ ಸಿಕ್ಕವರು, ಸಾಮಾನ್ಯವಾಗಿ ನಾನು. ಅವರ ಭಾಷಣ ಸ್ವಾತಂತ್ರ್ಯದಿಂದ ಹೊರಡುತ್ತದೆ. ಮೊದಲ ವರ್ಷಗಳಲ್ಲಿ ಸೇನೆಗೆ ಕೈ ಬಿಗಿ ಹಿಡಿದದ್ದು, ಅರವತ್ತೆರಡರ ಸೋಲಿನ ಮೇಲೆ ಎಚ್ಚೆತ್ತು ಖರ್ಚು ಏರಿಸಿದ್ದು ಎಲ್ಲ ಬರುತ್ತದೆ. ಕ್ಷಿಪಣಿಗಳ ಕಾಲ ಮುಟ್ಟುವಷ್ಟರಲ್ಲಿ ಸಭಿಕರು ಉಪ್ಪಿಟ್ಟಿನ ಸಾಲಿನಲ್ಲಿರುತ್ತಾರೆ. ತೀರ್ಪುಗಾರರು ಹಸಿವಿನಿಂದ ಅವರಿಗೇ ಬಹುಮಾನ ಕೊಡುತ್ತಾರೆ.

ಈ ಸಲ ನಾನು ಒಲ್ಲೆ ಎಂದೆ. ವಿರೋಧಕ್ಕೆ ಕರೆದ ಹೆಸರು ಭಾವನ ಮಗಳದು. ಅದು ಅವರಿಗೂ ಹೊಸ ಸುದ್ದಿ. ಅಕ್ಕ ಬಟ್ಟೆ ಕುಕ್ಕುತ್ತ, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಗುಟ್ಟಾಗಿ ತಯಾರಿ ಮಾಡಿಸಿದ್ದಳಂತೆ. ಮೂರು ಕೀಲಿಯ ಒಳಗೇ ವಿರೋಧಪಕ್ಷ ಸಜ್ಜಾಗಿತ್ತು. ಕ್ಯಾಮೆರಾ ಹೊರಗೆ ನೋಡುತ್ತಿತ್ತು.

ಹುಡುಗಿ ಮೈಕ್ ಹಿಡಿದಳು.

"ನಮ್ಮ ಮನಿ ಬಾಗಲಕ್ಕ ಮೂರು ಕೀಲಿ ಅದಾವ. ವಾಷಿಂಗ್ ಮಶೀನ್ ಕೆಟ್ಟು ಕುಂತೈತಿ. ಅವ್ವ ಕೈಲೇ ಅರಿವಿ ಒಗೀತಾಳ, ಆಕಿ ಬೆರಳು ಒಡದಾವ. ಮೂರು ಕೀಲಿ ಹಾಕಿ ನಾವು ಕಾಯೂದು ಏನು? ಒಗೀಲಾರದ ಅರಿವಿ ಗಂಟು. ಸಾಲಿ ಇಲ್ಲ, ದವಾಖಾನಿ ಇಲ್ಲ, ಬರೇ ತೋಪು ಅದಾವ ಅಂದ್ರ, ದೇಶಾನೂ ಹಂಗ."

ಸಭೆ ನಕ್ಕಿತು. ಉಪ್ಪಿಟ್ಟಿನ ಸಾಲಿನವರು ಮರಳಿ ಬಂದರು. ಉತ್ತರ ಕೊಡುವ ಸರದಿ ಭಾವನದು. ಇಷ್ಟು ವರ್ಷ ಒಂದು ಮಾತನ್ನೂ ಬಿಟ್ಟುಕೊಡದ ಮನುಷ್ಯ ಎದ್ದು ಹೋಗಿ ಮೈಕ್ ಹಿಡಿದು, ಮಗಳ ಕಡೆ ತಿರುಗಿದರು.

"ಇನ್ನೊಮ್ಮೆ ಹೇಳವಾ," ಎಂದರು.

ಅಪ್ಪ ಸವಾಲು ಹಾಕಿದನೆಂದು ತಿಳಿದು ಹುಡುಗಿ ಮೊದಲಿಗಿಂತ ಜೋರಾಗಿ, ಕೀಲಿಯಿಂದ ತೋಪಿನವರೆಗೆ, ಎಲ್ಲವನ್ನೂ ಮತ್ತೆ ಹೇಳಿದಳು. ಭಾವ ಕೊನೆಯವರೆಗೆ ಕೇಳಿದರು. ಮೈಕನ್ನು ಕೈಯಲ್ಲೇ ಹಿಡಿದುಕೊಂಡು ಬಂದು ಕೂತರು. ಸಂಘದವರು ಬಂದು ಬಿಡಿಸಿಕೊಳ್ಳಬೇಕಾಯಿತು.

ಮುಂದಿನ ವಾರ ಹೊಸ ವಾಷಿಂಗ್ ಮಶೀನ್ ಬಂತು. ಕೀಲಿಗಳು ಮೂರೂ ಇವೆ. ನಿನ್ನೆ ಸಂಜೆ ಭಾವ ನನಗೆ ಫೋನ್ ಮಾಡಿದ್ದರು. ಹಲೋ ಎಂದೆ, ಅವರು ಫೋನನ್ನು ಕೋಣೆಯ ಕಡೆಗೆ ಹಿಡಿದಿದ್ದರು. ಆ ಕಡೆ ಮಗಳು ಜಲಾಂತರ್ಗಾಮಿ ಯಾಕೆ ಬೇಡ ಎಂದು ಕನ್ನಡದಲ್ಲಿ ಅವರನ್ನು ಬೈಯುತ್ತಿದ್ದಳು.