ಕಣ್ಣಾರೆ ಕಂಡ ಪಂಪು

ಗಡಿಯಾರದವರ ಕಷ್ಟಕ್ಕೆಲ್ಲ ಮೂಲ, ಅವರ ರಿಪೇರಿ ಅಂಗಡಿ ಪೊಲೀಸ್ ಠಾಣೆಯ ಎದುರಿಗೇ ಇದ್ದದ್ದು. ಠಾಣೆಗೆ ಸಾಕ್ಷಿ ಬೇಕಾದಾಗಲೆಲ್ಲ ಹೆಡ್ ಕಾನ್‌ಸ್ಟೇಬಲ್ ಊರೆಲ್ಲ ಅಲೆಯುವ ಬದಲು ರಸ್ತೆ ದಾಟಿ ಬರುತ್ತಿದ್ದ. "ಅಣ್ಣಾ, ಇಲ್ಲೊಂದು ಸೈನ್" ಎಂದು ಖಾಲಿ ಹಾಳೆ ಮುಂದಿಡುತ್ತಿದ್ದ. ಇವರು ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿಯನ್ನೂ ತೆಗೆಯದೆ ಸೈನ್ ಹಾಕುತ್ತಿದ್ದರು. ಇವರು ಏನನ್ನು ನೋಡಿದರೆಂದು ಆಮೇಲೆ ಬರೆದುಕೊಳ್ಳುವುದು ಠಾಣೆಯವರ ಕೆಲಸ.

ಹೀಗೆ ಎಂಟು ವರ್ಷಗಳಲ್ಲಿ ಅವರು ನಲವತ್ತಮೂರು ಅಪರಾಧಗಳನ್ನು ಕಣ್ಣಾರೆ ಕಂಡಿದ್ದರು. ಒಂದೇ ಬೆಳಿಗ್ಗೆ ಊರಿನ ಎರಡು ತುದಿಗಳಲ್ಲಿ ಎರಡು ಕಳ್ಳತನ ಕಂಡದ್ದೂ ಉಂಟು. ಕನ್ನಡಕ ಹಾಕದಿದ್ದರೆ ಎದುರಿಗೆ ನಿಂತ ಹೆಂಡತಿಯೂ ಅವರಿಗೆ ಬೀರುವಿನಂತೆ ಕಾಣುತ್ತಿದ್ದಳು, ಅದು ಬೇರೆ ಮಾತು. ಇದರಿಂದ ಅವರಿಗೆ ಮೂರು ಕಾಸಿನ ಲಾಭವೂ ಇರಲಿಲ್ಲ. ಹೆಡ್ಡು 'ಅಣ್ಣಾ' ಎಂದು ಕರೆಯುವುದು ಪಕ್ಕದಂಗಡಿಯ ಟೈಲರ್ ಕಿವಿಗೆ ಬೀಳುತ್ತದಲ್ಲ, ಅಷ್ಟೇ ಸಾಕಿತ್ತು. ನಗಬೇಡಿ, ಆ ಕುರ್ಚಿಯಲ್ಲಿ ಕೂತಿದ್ದರೆ ನಾವೂ ನೀವೂ ಸೈನ್ ಹಾಕುತ್ತಿದ್ದೆವು.

ಅಂದು ಬೆಳಿಗ್ಗೆಯೂ ಅಂಗಡಿ ತೆಗೆಯುತ್ತಿದ್ದಂತೆ ಒಂದು ಸೈನ್ ಆಯಿತು. ಅದಾಗಿ ಒಂದು ಗಂಟೆಗೆ ಹೆಂಡತಿ ಏದುಸಿರು ಬಿಡುತ್ತ ಬಂದಳು.

"ರೀ, ನನ್ನ ತಮ್ಮನ್ನ ಪೊಲೀಸ್‌ನೋರು ಹಿಡ್ಕೊಂಡು ಹೋಗಿದಾರಂತೆ! ಠಾಣೆ ತೋಟದ ನೀರಿನ ಪಂಪು ಕದ್ದನಂತೆ! ಅದನ್ನ ಎತ್ತೋ ಶಕ್ತಿ ಇದ್ದಿದ್ರೆ ಅವನು ನಮ್ಮನೆ ಸಿಲಿಂಡರ್ ಒಂದಾದ್ರೂ ಎತ್ತಿಡ್ತಿರಲಿಲ್ವಾ?"

ಮಾತು ನಿಜ. ಭಾವಮೈದ ಎಲೆಕ್ಟ್ರಿಷಿಯನ್. ಆಳು ಎಷ್ಟು ಸಣಕಲೆಂದರೆ ಏಣಿ ಹತ್ತಿದರೆ ಏಣಿಗೆ ಗೊತ್ತಾಗುತ್ತಿರಲಿಲ್ಲ.

ಅಷ್ಟರಲ್ಲಿ ಟೈಲರ್ ಕತ್ತಿಗೆ ಟೇಪು ಹಾಕಿಕೊಂಡೇ ಬಂದ. ಆಚೆ ಅಂಗಡಿಯ ಕ್ಷೌರದವನೂ ಬಂದ. ಅವನ ಹಿಂದೆ ಅರ್ಧ ಮುಖಕ್ಕೆ ನೊರೆ ಮೆತ್ತಿಕೊಂಡ ಗಿರಾಕಿಯೂ ಬಂದ.

"ನಿಮಗೇನ್ ಸ್ವಾಮಿ ಯೋಚ್ನೆ? ಠಾಣೇಲಿ ನಿಮ್ಮ ಮಾತು ನಡೆಯುತ್ತಲ್ಲ. ಒಂದ್ಮಾತು ಹೇಳಿ, ಬಿಟ್ಟು ಕಳಿಸ್ತಾರೆ" ಎಂದ ಟೈಲರ್.

"ಹೇಳಿದ್ರೆ ಬಿಡ್ತಾರಾ?" ಎಂದು ಗಿರಾಕಿ ನೊರೆಯೊಳಗಿಂದಲೇ ಸಂಶಯಪಟ್ಟ.

ಗಡಿಯಾರದವರ ಮಾನದ ಪ್ರಶ್ನೆ ಬಂತು. "ಹತ್ತು ನಿಮಿಷ. ಕೈ ಹಿಡಿದು ಕರ್ಕೊಂಡು ಬರ್ತೀನಿ" ಎಂದು ಹೆಂಡತಿಗೆ ಮಾತು ಕೊಟ್ಟು ರಸ್ತೆ ದಾಟಿದರು. ಮೆರವಣಿಗೆ ಅವರ ಹಿಂದೆಯೇ ಬಂದು ಠಾಣೆಯ ಮೆಟ್ಟಿಲ ಬಳಿ ನಿಂತಿತು.

ಒಳಗೆ ಹೆಡ್ಡು ಎದ್ದು ಕುರ್ಚಿ ಹಾಕಿದ. "ಬನ್ನಿ ಅಣ್ಣಾ, ನಿಮ್ಮನ್ನೇ ನೆನೆಸ್ಕೊಳ್ತಿದ್ದೆ. ಹೇಳಿಕೆ ಬರೆದಾಯ್ತು, ಕೇಳಿ." ಅವನು ಗಂಟಲು ಸರಿಮಾಡಿಕೊಂಡು ಓದಿದ: "'ಬೆಳಗಿನ ಆರು ಗಂಟೆಗೆ ನಾನು ವಾಯುವಿಹಾರದಲ್ಲಿದ್ದಾಗ, ಆರೋಪಿಯು ಹೆಗಲ ಮೇಲೆ ಪಂಪನ್ನು ಹೊತ್ತುಕೊಂಡು ಓಡುತ್ತಿರುವುದನ್ನು ಕಣ್ಣಾರೆ ಕಂಡೆನು.'"

ಕೆಳಗೆ ಗಡಿಯಾರದವರದೇ ಸೈನ್ ಇತ್ತು.

"ಅಯ್ಯೋ, ಅವನು ನನ್ನ ಭಾವಮೈದ ಕಣಯ್ಯಾ!"

"ಹೌದಾ? ಇನ್ನೂ ಒಳ್ಳೇದಾಯ್ತು ಬಿಡಿ. ಸ್ವಂತ ಭಾವನೇ ಹೇಳ್ದ ಅಂದ್ರೆ ಯಾವ ಲಾಯರೂ ಕೇಸು ಅಲ್ಲಾಡಿಸಕ್ಕಾಗಲ್ಲ."

ಲಾಕಪ್ಪಿನ ಸರಳುಗಳ ಹಿಂದಿನಿಂದ ಭಾವಮೈದ ಕೂಗಿದ. "ಭಾವಾ, ನೀವಾ ನೋಡಿದ್ದು? ನೀವು ಏಳೋದೇ ಎಂಟು ಗಂಟೆಗಲ್ವಾ?"

ಅವನ ಎಡಗೆನ್ನೆ ಊದಿಕೊಂಡಿತ್ತು. ಗಡಿಯಾರದವರು ಹತ್ತಿರ ಹೋದಾಗ ಅವನು ಪಿಸುಮಾತಿನಲ್ಲಿ ಎಲ್ಲ ಹೇಳಿದ. "ಪಂಪು ಬಿಚ್ಚಿದ್ದು ನಾನೇ ಭಾವ. ಇನ್ಸ್‌ಪೆಕ್ಟರ್ ಸಾಹೇಬ್ರೇ ಬಿಚ್ಚು ಅಂದ್ರು. ಅವರ ಮಾವನ ಮನೆ ಬಾವಿಗೆ ಕೂರಿಸಿ ಬಂದೆ. ಟೀ ಅಂಗಡೀಲಿ ಬಾಯಿತಪ್ಪಿ ಅದನ್ನ ಹೇಳ್ಬಿಟ್ಟೆ. ಅಷ್ಟೇ ನಾನು ಮಾಡಿದ್ದು."

ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು ಎಂದು ಹೇಳಲು ಬಾಯಿ ತೆರೆದ ಗಡಿಯಾರದವರಿಗೆ, ಆ ಬೇಲಿಗೆ ಎಂಟು ವರ್ಷದಿಂದ ಗೂಟ ನೆಟ್ಟವನು ತಾನೇ ಎಂದು ಹೊಳೆಯಿತು. ನಲವತ್ತಮೂರು ಜನ. ಅವರೂ ಯಾರದೋ ಭಾವಮೈದುನರು. ಅವರ ಕೆನ್ನೆಗಳೂ ಹೀಗೆಯೇ ಊದಿರಬೇಕು.

ಇನ್ಸ್‌ಪೆಕ್ಟರ್ ಒಳಗೆ ಕರೆದರು.

"ಸೈನ್ ನಿಮ್ಮದೇ ತಾನೇ?"

"ನಂದೇ ಸಾರ್. ಆದ್ರೆ ನಾನು ಹಾಕಿದ್ದು ಖಾಲಿ ಹಾಳೆ ಮೇಲೆ. ನಾನು ಏನೂ ನೋಡಿಲ್ಲ."

"ಯೋಚನೆ ಮಾಡಿ ಮಾತಾಡಿ. ಇದು ಸುಳ್ಳು ಅಂದ್ರೆ, ಹಿಂದಿನ ನಲವತ್ತಮೂರು?"

ಅತ್ತ ದರಿ, ಇತ್ತ ಪುಲಿ. ಮೆಟ್ಟಿಲ ಬಳಿ ನಿಂತ ಹೆಂಡತಿಯ ಮುಖ ನೆನಪಾಯಿತು. ಜೀವನದಲ್ಲಿ ಮೊದಲ ಸಲ ಗಡಿಯಾರದವರ ದನಿ ಬೀದಿಗೆ ಕೇಳುವಷ್ಟು ಏರಿತು.

"ಅವೂ ಸುಳ್ಳೇ ಸಾರ್! ಕೋರ್ಟಿಗೆ ಬೇಕಾದ್ರೂ ಬಂದು ಹೇಳ್ತೀನಿ. ನಾನು ಏನನ್ನೂ ನೋಡಿದವನೇ ಅಲ್ಲ, ನನಗೆ ಕಣ್ಣೇ ಕಾಣಲ್ಲ!"

ಹೆಡ್ಡಿನ ಕೈಯಿಂದ ಪೆನ್ನು ಬಿತ್ತು. ಇನ್ಸ್‌ಪೆಕ್ಟರ್ ಇವರನ್ನೇ ದಿಟ್ಟಿಸಿ ನೋಡಿ, ನಿಧಾನವಾಗಿ ನಕ್ಕರು.

"ಭೇಷ್. ನಿಮ್ಮಂಥವರಿಂದಲೇ ಮಳೆ ಬೆಳೆ ಆಗ್ತಿರೋದು. ರೀ ಹೆಡ್ಡು, ಆ ಹುಡುಗನ್ನ ಬಿಟ್ಬಿಡಿ."

ಭಾವಮೈದ ಹೊರಗೆ ಬಂದವನೇ ಭಾವನ ಕಾಲಿಗೆ ಬಿದ್ದ. ಗಡಿಯಾರದವರ ಎದೆ ಎರಡಂಗುಲ ಉಬ್ಬಿತು. ಹೆಡ್ಡು ಮೇಜಿನ ಮೇಲೆ ಎರಡು ಹಾಳೆ ಸರಿಸಿ, "ಬಿಡುಗಡೆಗೆ ಇಲ್ಲೊಂದು, ಇಲ್ಲೊಂದು ಹಾಕಪ್ಪಾ" ಎಂದ. ಆ ಸಂತೋಷದಲ್ಲಿ ಭಾವಮೈದ, ಕೇಳಿದ್ದರೆ ಮನೆಯನ್ನೇ ಬರೆದುಕೊಡುತ್ತಿದ್ದ. ಸರಸರನೆ ಗೀಚಿ ಬಾಗಿಲಿಗೆ ಓಡಿದ. ಹೊರಗೆ ಚಪ್ಪಾಳೆ ಬಿತ್ತು.

ಗಡಿಯಾರದವರೂ ಎದ್ದರು. ಹೆಡ್ಡು ಅವರ ಭುಜದ ಮೇಲೆ ಕೈಯಿಟ್ಟು ಮೆತ್ತಗೆ ಕೂರಿಸಿದ.

"ನೀವು ಕೂತ್ಕೊಳ್ಳಿ ಅಣ್ಣಾ. ಒಂದೈದು ನಿಮಿಷ, ಬರೆದು ಮುಗಿಸ್ತೀನಿ." ಅವನು ಬರೆದ, ಗಂಟಲು ಸರಿಮಾಡಿಕೊಂಡ, ಓದಿದ: "'ನನ್ನ ಸ್ವಂತ ಅಕ್ಕನ ಗಂಡನು ಪಂಪನ್ನು ಹೊತ್ತುಕೊಂಡು ಓಡುತ್ತಿರುವುದನ್ನು ಕಣ್ಣಾರೆ ಕಂಡೆನು.'"

ಕೆಳಗೆ ಭಾವಮೈದನ ಸೈನ್ ಇತ್ತು. ಗಡಿಯಾರದವರು ಇಂಗು ತಿಂದ ಮಂಗನಂತೆ ನೋಡಿದರು.

"ಪಂಪಿಗೆ ಒಬ್ಬ ಕಳ್ಳ ಬೇಕೇ ಬೇಕಲ್ಲ ಅಣ್ಣಾ" ಎಂದ ಹೆಡ್ಡು, ನಿಜಕ್ಕೂ ಬೇಸರದಿಂದಲೇ. "ಅವನಿಗೆ ಗೊತ್ತಿದ್ದದ್ದು ಒಂದು ಪಂಪಿನ ವಿಷಯ. ನಿಮಗೆ ಗೊತ್ತಿರೋದು ನಲವತ್ತಮೂರು ಹಾಳೆಗಳ ವಿಷಯ. ನಾಳೆ ನೀವು ಕೋರ್ಟಿಗೆ ಹೋಗಿ ಅದನ್ನೆಲ್ಲ ಹೇಳಿದ್ರೂ, ಪಂಪು ಕದ್ದವನ ಮಾತು ಯಾರು ನಂಬ್ತಾರೆ?"

"ಅವನು ಓದದೇನೇ ಸೈನ್ ಹಾಕಿದ್ನಾ?"

"ಓದಕ್ಕೆ ಅದರಲ್ಲಿ ಏನಿತ್ತು ಅಣ್ಣಾ?"

ಬೆಲ್ಟು, ಕನ್ನಡಕ, ಚಪ್ಪಲಿ ಮೇಜಿನ ಮೇಲಾದವು. ಲಾಕಪ್ಪಿನ ಬಾಗಿಲು ಹಾಕಿದ ಮೇಲೆ ಬೀದಿಯ ಮಾತು ಕಿಟಕಿಯಿಂದ ಸ್ಪಷ್ಟವಾಗಿ ಕೇಳುತ್ತಿತ್ತು. ಭಾವ ಇನ್ನೂ ಯಾಕೆ ಬರಲಿಲ್ಲವೆಂದು ಭಾವಮೈದ ಕೇಳಿದ. ಹೆಂಡತಿ ಹೆಮ್ಮೆಯಿಂದ, ಟೈಲರಿಗೂ ಕೇಳುವಂತೆ ಹೇಳಿದಳು:

"ನಡಿಯೋ, ನಾವು ಹೋಗೋಣ. ಅವರನ್ನ ಇಲ್ಲಿ ಅಷ್ಟು ಬೇಗ ಯಾರು ಬಿಡ್ತಾರೆ?"