ಮಾವನ ಫಾಲೋ ಅಪ್

ನನ್ನ ಸೋದರಮಾವನಿಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ಬರುವ ಒಂದೇ ಒಂದು ಇಂಗ್ಲಿಷ್ ಮಾತಿನಿಂದ ಬೈಲಹೊಂಗಲ, ಸವದತ್ತಿ, ರಾಮದುರ್ಗ ಮೂರೂ ತಾಲೂಕುಗಳನ್ನು ಹೈರಾಣ ಮಾಡಿಬಿಟ್ಟಿದ್ದಾನೆ! ಆ ಮಾತು, ಫಾಲೋ ಅಪ್.

ಈ ಮಾತು ನಿಮಗೂ ಗೊತ್ತಿದ್ದದ್ದೇ. ಯಾವುದೋ ಕಚೇರಿಗೆ ಅರ್ಜಿ ಕೊಟ್ಟಿರುತ್ತೀರಿ. ಮೇಜಿನ ಆಚೆ ಕೂತವರು ಕನ್ನಡಕದ ಮೇಲಿನಿಂದ ನೋಡಿ, "ಫಾಲೋ ಅಪ್ ಮಾಡ್ತೇವಿ, ನೀವು ಹೋಗ್ರಿ" ಅನ್ನುತ್ತಾರೆ. ಅಲ್ಲಿಗೆ ಆ ಅರ್ಜಿಯ ಕಥೆ ಮುಗಿಯಿತು. ನಮ್ಮ ಮನೆಯ ನಲ್ಲಿ ಸೋರುತ್ತದೆ ಎಂದು ಹೇಳಿದಾಗ ನನ್ನ ಗಂಡ ಕೂಡ ಪ್ಲಂಬರನನ್ನು ಫಾಲೋ ಅಪ್ ಮಾಡುತ್ತೇನೆ ಎಂದಿದ್ದರು. ನಲ್ಲಿ ಇವತ್ತಿಗೂ ಸೋರುತ್ತಿದೆ. ನಾನು ಕಿತ್ತೂರಿನ ಶಾಲೆಯೊಂದರಲ್ಲಿ ಕಲಿಸುವವಳು. ಪಾಲಕರ ಸಭೆಯಲ್ಲಿ ನಾನೂ ಈ ಮಾತನ್ನು ಎಷ್ಟೋ ಸಲ ಅಂದಿದ್ದೇನೆ, ಅಂದು ಮರೆತಿದ್ದೇನೆ. ಎದುರಿಗಿದ್ದವರನ್ನು ಬೇಜಾರಾಗದ ಹಾಗೆ ಸಾಗಹಾಕಲು ಇದಕ್ಕಿಂತ ಒಳ್ಳೆಯ ಮಾತು ಬೇರೆ ಇದೆಯೇ? ಊರೆಲ್ಲ ಹೀಗೆ ಒಪ್ಪಿಕೊಂಡು ಸುಖವಾಗಿದ್ದಾಗ ಈ ಮನುಷ್ಯ ಒಬ್ಬನೇ ಅದನ್ನು ನಿಜವೆಂದು ನಂಬಿಬಿಟ್ಟ!

ಮಾವ ಬೈಲಹೊಂಗಲದ ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದ. ಒಮ್ಮೆ ಅವರಿಗೆಲ್ಲ ತರಬೇತಿ ಕೊಡಲು ಬಂದ ಸಾಹೇಬರು ಇಡೀ ದಿನ ಇಂಗ್ಲಿಷಿನಲ್ಲಿ ಮಾತಾಡಿದರಂತೆ. ಮೇಲಿಂದ ಮೇಲೆ ಬರುತ್ತಿದ್ದ ಈ ಒಂದು ಮಾತು ಮಾವನ ಕಿವಿಗೆ ಬಿತ್ತು. ಹಾಗಂದರೇನು ಎಂದು ಪಕ್ಕದವರನ್ನು ಕೇಳಿದ. "ಸೂಜಿ ಮಾಡಿ ಬಂದಮ್ಯಾಲ, ದನಾ ಹೆಂಗೈತಿ ಅಂತ ಮತ್ತ ಹೋಗಿ ನೋಡೂದು" ಎಂದರು. ಮಾವನಿಗೆ ಅವತ್ತಿನ ಊಟ ಸೇರಲಿಲ್ಲ. ಇಷ್ಟು ವರ್ಷ ತಾನು ಸೂಜಿ ಮಾಡಿ ಬಂದ ಎಮ್ಮೆಗಳ ಗತಿ ಏನಾಗಿದೆಯೋ!

ಮರುದಿನವೇ ಸೈಕಲ್ ಹತ್ತಿ ಸಂಪಗಾಂವಕ್ಕೆ ಹೋಗಿ, ಆರು ತಿಂಗಳ ಹಿಂದೆ ಸೂಜಿ ಮಾಡಿದ್ದ ಎಮ್ಮೆಯನ್ನು ವಿಚಾರಿಸಿದ. ಮನೆಯವರು ಅದನ್ನು ಮಾರಿಬಿಟ್ಟಿದ್ದರು. ಕೊಂಡವರ ಊರು ಕೇಳಿಕೊಂಡು ಅಲ್ಲಿಗೂ ಹೋದ. ಎಮ್ಮೆ ಆರಾಮಾಗಿ ಮೇಯುತ್ತಿತ್ತು. ಆದರೆ ಅದಕ್ಕೆ ಹಿಂದೆ ಏನೋ ರೋಗ ಇತ್ತಂತೆ ಎಂಬ ಸುದ್ದಿ ಕೊಂಡವರಿಗೆ ಹೀಗೆ ಮುಟ್ಟಿ, ಎರಡೂ ಮನೆಗಳ ನಡುವೆ ದೊಡ್ಡ ಜಗಳವೇ ಆಯಿತು. ಆ ಜಗಳ ಎಲ್ಲಿಗೆ ಬಂತೆಂದು ನೋಡಲು ಮಾವ ಎಂಟು ದಿನ ಬಿಟ್ಟು ಮತ್ತೆ ಹೋದ.

ನಿವೃತ್ತಿಯಾದ ಮೇಲೆ ದನಗಳು ಬಚಾವಾದವು, ಮನುಷ್ಯರು ಸಿಕ್ಕಿಬಿದ್ದರು. ಇಂಥ ಅಂಗಡಿಯ ಗಿರ್ಮಿಟ್ ಚಲೋ ಇರುತ್ತದೆ ಎಂದು ಯಾರಿಗಾದರೂ ಹೇಳಿದರೆ, ಸಂಜೆ ಅವರಿಗೆ ಫೋನ್ ಮಾಡಿ ಹೊಟ್ಟೆ ಹೇಗಿದೆ ಎಂದು ಕೇಳುತ್ತಾನೆ. ತಾನು ತೋರಿಸಿದ ಸಂಬಂಧ ಕೂಡಿ ಮದುವೆಯಾದರೆ, ತಿಂಗಳಿಗೆ ಸರಿಯಾಗಿ ಬೀಗರ ಮನೆಗೆ ಹೋಗಿ, ಹತ್ತು ಜನರ ಮುಂದೆ, ಹೊಸ ಸೊಸೆ ಸರಿಯಾಗಿ ತಿಂದುಂಡು ಇದ್ದಾಳೋ ಇಲ್ಲವೋ ಎಂದು ವಿಚಾರಿಸುತ್ತಾನೆ. ಕೇಳುವ ಧಾಟಿ ಮಾತ್ರ ದವಾಖಾನೆಯದೇ!

ಇದೆಲ್ಲ ಹೋಗಲಿ. ಒಮ್ಮೆ ಅವನೂ ಅತ್ತೆಯೂ ಸವದತ್ತಿಗೆ ಹೋಗಿದ್ದರು. ಬಸ್ ನಿಲ್ದಾಣದಲ್ಲಿ ಯಾರೋ ಅಪರಿಚಿತ ಬಂದು ರಾಮದುರ್ಗದ ಬಸ್ಸು ಯಾವುದು ಎಂದು ಕೇಳಿದ. ಮಾವ ತೋರಿಸಿದ. ಬಸ್ಸು ಹೋದ ಮೇಲೆ ಇವನಿಗೆ ಅನುಮಾನ ಹತ್ತಿತು. ಅದು ರಾಮದುರ್ಗದ್ದೇ ಹೌದೋ ಅಲ್ಲವೋ? ಅದರ ಹಿಂದೆ ಬಂದ ಬಸ್ಸು ಹತ್ತಿ ತಾನೂ ರಾಮದುರ್ಗಕ್ಕೆ ಹೋದ! ಅಲ್ಲಿ ಆ ಮನುಷ್ಯ ಚಹಾ ಕುಡಿಯುತ್ತ ಕೂತಿದ್ದ. ಸವದತ್ತಿಯಲ್ಲಿ ಕಂಡವನೇ ಇಲ್ಲೂ ಎದುರಿಗೆ ಬಂದು ನಿಂತದ್ದನ್ನು ನೋಡಿ, ಬ್ಯಾಗನ್ನು ಎದೆಗೆ ಅವುಚಿಕೊಂಡ. ಮಾವ ಕೇಳಿದ್ದು ಇಷ್ಟೇ: "ಸರಿಯಾಗಿ ಮುಟ್ಟಿದ್ರಿಲ್ಲೋ?" ಅವನು ಹೂಂ ಅಂದ. ಮಾವ ಸಮಾಧಾನದಿಂದ ವಾಪಸ್ ಬಸ್ಸು ಹತ್ತಿದ. ಅತ್ತೆಯನ್ನು ಸವದತ್ತಿಯಲ್ಲೇ ನಿಲ್ಲಿಸಿ ಬಂದದ್ದು ಅವನಿಗೆ ನೆನಪಾದದ್ದು ಅರ್ಧ ದಾರಿಯಲ್ಲಿ. ಅವತ್ತು ಸವದತ್ತಿ ನಿಲ್ದಾಣದಲ್ಲಿ ಏನು ನಡೆಯಿತು ಎನ್ನುವುದನ್ನು ಅತ್ತೆ ಇನ್ನೂ ಯಾರಿಗೂ ಹೇಳಿಲ್ಲ.

ನಗುವುದು ಸುಲಭ. ಆದರೆ ನಾಲ್ಕು ವರ್ಷದಿಂದ ಈ ಫಾಲೋ ಅಪ್ಪಿನ ನಿಜವಾದ ಗಿರಾಕಿ ನಾನೇ.

ನನಗೆ ರಾಮದುರ್ಗದಲ್ಲಿ ಒಬ್ಬ ಅಕ್ಕ ಇದ್ದಾಳೆ. ನಮ್ಮವ್ವ ಕೊನೆಯ ಒಂದು ವರ್ಷ ಹಾಸಿಗೆ ಹಿಡಿದು ಅವಳ ಮನೆಯಲ್ಲೇ ಇದ್ದಳು. ಅವ್ವ ತೀರಿಕೊಂಡ ಮೇಲೆ, ದಿವಸದ ಊಟಕ್ಕೆ ಕೂತಾಗ, ಯಾವುದೋ ಸಣ್ಣ ಮಾತಿಗೆ ಅಕ್ಕ ಎಲ್ಲರೆದುರು ಅಂದಳು: "ನೀ ಹಣ್ಣ ತಗೊಂಡ ಬಂದು ನೋಡಿ ಹೋಗಾಕಿ. ಎತ್ತಿ ಕುಂಡ್ರಿಸಿದಾಕಿ ನಾ." ಮಾತು ಸುಳ್ಳಾಗಿದ್ದರೆ ನಾನು ಅವತ್ತೇ ಮರೆತುಬಿಡುತ್ತಿದ್ದೆ. ಸುಳ್ಳಾಗಿರಲಿಲ್ಲ. ಎಲೆಯ ಮುಂದಿನಿಂದ ಎದ್ದು ಬಂದವಳು ಮತ್ತೆ ಅವಳಿಗೆ ಫೋನ್ ಮಾಡಲಿಲ್ಲ. ಅವಳೂ ಮಾಡಲಿಲ್ಲ.

ಅಂದಿನಿಂದ ಪ್ರತಿ ಭಾನುವಾರ ಮುಂಜಾನೆ ಎಂಟಕ್ಕೆ ಮಾವನ ಫೋನು. ಅಕ್ಕನಿಗೆ ಮಾಡಿದೆಯಾ ಎಂದು ಕೇಳುತ್ತಾನೆ. ಇಲ್ಲ ಅನ್ನುತ್ತೇನೆ. "ಆತು" ಎಂದು ಇಟ್ಟುಬಿಡುತ್ತಾನೆ. ಬುದ್ಧಿ ಹೇಳುವುದಿಲ್ಲ, ಬೈಯುವುದಿಲ್ಲ. ಎಂಟೂಕಾಲಿಗೆ ಅಕ್ಕನಿಗೆ ಇದೇ ಪ್ರಶ್ನೆ. ಎಂಟೂವರೆಗೆ ಮತ್ತೆ ನನಗೇ ಫೋನ್ ಮಾಡಿ, ಆ ಕಡೆಯಿಂದಲೂ ಏನೂ ಆಗಿಲ್ಲ ಎಂದು ವರದಿ! ಒಮ್ಮೆ ಕಾಟ ತಾಳಲಾರದೆ, ನಾನು ಮಾಡಿದ್ದೆ, ಅವಳೇ ಎತ್ತಲಿಲ್ಲ ಎಂದು ಸುಳ್ಳು ಹೇಳಿದೆ. ಹತ್ತು ನಿಮಿಷಕ್ಕೆ ಮಾವ ತಿರುಗಿ ಫೋನ್ ಮಾಡಿದ. "ಆಕಿ ಫೋನ್ ತಗದು ನೋಡಿದ್ಳು. ನಿಂದು ಬಂದಿಲ್ಲಂತ."

ಖರೆ ಹೇಳಬೇಕೆಂದರೆ ನನಗೆ ಅಕ್ಕ ಬೇಕಾಗಿದ್ದಳು. ಹಬ್ಬ ಬಂದಾಗಲೆಲ್ಲ ಫೋನಿನಲ್ಲಿ ಅವಳ ಹೆಸರು ತೆಗೆದು, ನೋಡಿ, ಒತ್ತದೆ ಇಟ್ಟಿದ್ದೇನೆ. ನಾನೇ ಮೊದಲು ಮಾಡಿದರೆ ಅವಳ ಮಾತು ಒಪ್ಪಿಕೊಂಡಂತೆ ಎಂಬ ಹಟ.

ಹೋದ ತಿಂಗಳ ಒಂದು ಭಾನುವಾರ ಎಂಟಾಯಿತು, ಫೋನ್ ಬರಲಿಲ್ಲ. ಎಂಟೂವರೆಯಾಯಿತು. ಬಂದಾಗ ಬೇಡವಾಗಿದ್ದ ಫೋನು ಬಾರದಿದ್ದಾಗ ಎಷ್ಟು ಹೆದರಿಸುತ್ತದೆ! ಅತ್ತೆಯ ಫೋನಿಗೆ ಮಾಡಿದೆ. ಮಾವ ಹಿಂದಿನ ದಿನ ಮನೋಳಿಗೆ ಯಾರದೋ ಆಕಳ ಕರು ನೋಡಲು ಹೋಗಿ, ಕೊಟ್ಟಿಗೆಯ ಸೆಗಣಿಯಲ್ಲಿ ಕಾಲು ಜಾರಿ ಬಿದ್ದಿದ್ದಾನೆ. ಎಡಗಾಲು ಮುರಿದಿದೆ. ಫೋನು ಸೆಗಣಿಯಲ್ಲೇ ಹೋಯಿತು. ಕರು ಆರಾಮಿದೆ.

ಸಿಕ್ಕ ಬಸ್ಸು ಹತ್ತಿ ಬೈಲಹೊಂಗಲಕ್ಕೆ ಹೋದೆ. ಮಾವ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಂಚದ ಮೇಲೆ ಮಲಗಿದ್ದ. ನಾನು ಕೂತ ಕೂಡಲೇ ಅದೇ ಪ್ರಶ್ನೆ. ಇಲ್ಲ ಎಂದೆ. ಈ ಸಲ ಅವನು "ಆತು" ಅನ್ನಲಿಲ್ಲ. ಹೇಳಿದ:

"ಬಿದ್ದಾಗ ನನಗ ಕಾಲಿಂದು ಚಿಂತಿ ಆಗ್ಲಿಲ್ಲ ಯವ್ವಾ. ನಾ ಹ್ವಾದಮ್ಯಾಲ ನಿಮ್ಮಿಬ್ಬರನ್ನ ಇದನ್ನ ಕೇಳವ್ರು ಯಾರು?"

ಎದ್ದು ಹಿತ್ತಲಿಗೆ ಹೋಗಿ ಅಕ್ಕನ ಹೆಸರು ಒತ್ತಿದೆ. ಒಂದೇ ರಿಂಗಿಗೆ ಎತ್ತಿದಳು.

"ಮಾವಾಗ ಏನಾತ?" ಅಂದಳು. ಅವಳೂ ಮುಂಜಾನೆಯಿಂದ ಫೋನ್ ಹಿಡಿದುಕೊಂಡೇ ಕೂತಿದ್ದಳು.

ಕಾಲು ಮುರಿದದ್ದು ಹೇಳಿದೆ, ಜೀವಕ್ಕೇನೂ ಇಲ್ಲ ಎಂದೆ. ಆಮೇಲೆ ಫೋನು ಇಡುವುದು ಅವಳಿಗೂ ಆಗಲಿಲ್ಲ, ನನಗೂ ಆಗಲಿಲ್ಲ.

"ನೀ ಅವತ್ತ ಅಂದಿದ್ದು ಖರೇ ಇತ್ತಕ್ಕಾ" ಎಂದೆ.

"ಖರೇ ಇದ್ರೂ ನಾ ಎಲ್ಲಾರ ಮುಂದ ಅನಬಾರದಿತ್ತು" ಎಂದಳು. ಅಳುತ್ತಿದ್ದಳು. ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ ಎಂದಳು.

ಕಣ್ಣೊರೆಸಿಕೊಂಡು ಒಳಗೆ ಬಂದೆ. ಅಕ್ಕ ಬರುತ್ತಾಳೆ ಎಂದು ಹೇಳಿದೆ. ಮಾವ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ. ಅಷ್ಟರಲ್ಲಿ ಅತ್ತೆ ಒಂದು ತಾಟಿನಲ್ಲಿ ರೊಟ್ಟಿ, ಪಲ್ಯ ತಂದು ನನ್ನ ಕೈಗೆ ಕೊಟ್ಟಳು.

"ನೀವಿಬ್ಬರೂ ಮಾತಾಡೂತನಾ ಐತವಾರ, ಆ ಫೋನ್ ಮಾಡೂ ದಿನಾ, ಉಣ್ಣಂಗಿಲ್ಲ ಅಂತ ನಿಮ್ಮ ಮಾವ ನೇಮ ಹಿಡದಾರ. ನಾಕ ವರ್ಷ ಆತು. ಯಾರಿಗೂ ಹೇಳಬ್ಯಾಡ ಅಂದಿದ್ರು. ಇವತ್ತ ನಿನ್ನ ಕೈಲೆ ಉಣಸು."

ನಾನು ರೊಟ್ಟಿ ಮುರಿದು, ಪಲ್ಯ ಹಚ್ಚಿ, ಮಾವನ ಬಾಯಿಯ ಹತ್ತಿರ ಹಿಡಿದೆ. ಗೋಡೆಯ ಕಡೆಗಿದ್ದ ಮುಖ ನಿಧಾನವಾಗಿ ನನ್ನ ಕಡೆ ತಿರುಗಿತು.